ಸಣ್ಣ ಮೈಯವರಿಗೂ ಸಕ್ಕರೆ ಕಾಯಿಲೆ ಏಕೆ?



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಬಿತ್ತನೆ ಕಬ್ಬು, ಗೊಬ್ಬರದ ಪ್ರಮಾಣ, ಕೂಳೆ ಬೆಳೆಯ ಆರೈಕೆ, ಗೊಣ್ಣೆ ಹುಳುವಿನ ಹತೋಟಿ ಇಂಥ ವಿಷಯಗಳನ್ನು. ಈ ಸಂಚಿಕೆಯಲ್ಲಿ ಕಬ್ಬನ್ನು ಬಿಟ್ಟು ಕಬ್ಬು ಬೆಳೆಯುವವರ ಮೈಯ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಕೃಷಿ ಪದವೀಧರ. ಆದರೆ ಬೆಳೆಯ ರೋಗಕ್ಕೆ ಕಾರಣ ಹುಡುಕುವವನಿಗೆ ಮನುಷ್ಯನ ರೋಗದ ಕಾರಣ ತಿಳಿದುಕೊಳ್ಳುವುದು ತೀರ ಹೊರಗಿನ ವಿದ್ಯೆಯಲ್ಲ ಎಂದು ಭಾವಿಸಿದ್ದೇನೆ. ಇದನ್ನು ಬರೆಯಲು ನನ್ನ ಮನೆಯಲ್ಲೇ ಒಂದು ಕಾರಣ ಒದಗಿ ಬಂದಿತು.

ನನ್ನ ಅಕ್ಕನನ್ನು ಕೊಟ್ಟಿರುವುದು ವಯನಾಡಿನ ಮಾನಂದವಾಡಿಯ ಕಡೆಗೆ. ಗಡಿಯಾಚೆಯ ಆ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮಲಯಾಳ ಆಡುವ ಸಂಸಾರಗಳು ಇವೆಯೆಂಬುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ನಮ್ಮ ಭಾವನವರದು ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ, ಮೆಣಸು, ಶುಂಠಿ. ಕೈಕಾಲು ಕಡ್ಡಿಯಂಥ ಮನುಷ್ಯ. ಎತ್ತರ 5 ಅಡಿ 5 ಅಂಗುಲ, ತೂಕ 60 ಕಿಲೋ. ಯಾರೂ ಅವರನ್ನು ದಪ್ಪ ಎಂದವರಿಲ್ಲ. ಕಳೆದ ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ಅವರ ಬಲಗಾಲಿಗೆ ಮುಳ್ಳು ಚುಚ್ಚಿತು. ನೋವು ಅಷ್ಟಾಗಿ ತಿಳಿಯಲಿಲ್ಲ. ಅರಿಸಿನ ಹಚ್ಚಿ ಬಟ್ಟೆ ಕಟ್ಟಿ ಮೂರು ವಾರ ಓಡಾಡಿದರು. ಗಾಯ ಮಾಯುವ ಬದಲು ಕಪ್ಪಗಾಯಿತು. ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಸಕ್ಕರೆ 340. ಎರಡು ಬೆರಳು ತೆಗೆಯಬೇಕಾಯಿತು.

ನಾನು ನೋಡಲು ಹೋದಾಗ ಭಾವನವರು ಮಂಚದ ಮೇಲೆ ಕುಳಿತು ಕೇಳಿದ ಪ್ರಶ್ನೆ ಇದು: "ನೀನು ಓದಿದವನು, ನೀನೇ ಹೇಳಪ್ಪಾ. ಸಕ್ಕರೆ ಕಾಯಿಲೆ ಕೂತು ತಿನ್ನುವ ದಪ್ಪ ಮನುಷ್ಯರಿಗೆ ಬರುವುದು ಎನ್ನುತ್ತಾರೆ. ನನ್ನ ಮೈಯಲ್ಲಿ ಎಲ್ಲಿದೆ ಕೊಬ್ಬು?"

ಆಗ ನನಗೆ ಉತ್ತರ ತಿಳಿದಿರಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಉತ್ತರ ಸಿಕ್ಕಿದ್ದು ದೂರದಲ್ಲೇನೂ ಅಲ್ಲ. ಅದರ ಒಂದು ದೊಡ್ಡ ಭಾಗ ನಮ್ಮ ಮೈಸೂರಿನ ಮಂಡಿ ಮೊಹಲ್ಲಾದಲ್ಲೇ ಇದೆ.

ಕಾಯಿಲೆಯ ಹರಹು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು. ಇನ್ನೂ 13 ಕೋಟಿಗೂ ಮೀರಿದ ಜನ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದಾರೆ. ಕೇರಳ ರಾಜ್ಯದಲ್ಲಂತೂ ವಯಸ್ಕರಲ್ಲಿ ನೂರಕ್ಕೆ 25 ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ ಇದೆ. ಇವರೆಲ್ಲ ದಪ್ಪ ಮನುಷ್ಯರಲ್ಲ. ಯೂರೋಪಿನ ಜನರಿಗೆ ಹೋಲಿಸಿದರೆ ನಮ್ಮವರಿಗೆ ಈ ಕಾಯಿಲೆ ಚಿಕ್ಕ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿ ಬರುತ್ತದೆ. ಭಾವನವರ ಪ್ರಶ್ನೆಯನ್ನು ವಿಜ್ಞಾನಿಗಳೂ ಬಹಳ ವರ್ಷ ಕೇಳಿಕೊಂಡಿದ್ದಾರೆ.

ಕೊಬ್ಬು ಎಂದರೆ ಬರೀ ಕಸವಲ್ಲ

ಕೊಬ್ಬು ಎಂದಕೂಡಲೆ ಅದು ಬೇಡದ ವಸ್ತು ಎಂಬ ಭಾವನೆ ನಮ್ಮಲ್ಲಿದೆ. ಇದು ತಪ್ಪು. ಕಬ್ಬಿನ ಗಿಡ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಜಲ್ಲೆಯಲ್ಲಿ ಕೂಡಿಡುವ ಹಾಗೆ, ಮನುಷ್ಯನ ಮೈ ಉಂಡು ಮಿಕ್ಕಿದ ಶಕ್ತಿಯನ್ನು ಕೊಬ್ಬಿನ ಅಂಗಾಂಶದಲ್ಲಿ ಕೂಡಿಡುತ್ತದೆ. ಕೊಬ್ಬಿನ ಒಂದೊಂದು ಜೀವಕೋಶವೂ ಒಂದು ಎಣ್ಣೆಯ ಹನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಪುಟ್ಟ ಚೀಲದಂತೆ. ಊಟವಾದ ಮೇಲೆ ಮೇದೋಜೀರಕಾಂಗದಿಂದ ಇನ್ಸುಲಿನ್ ಎಂಬ ರಸ ರಕ್ತಕ್ಕೆ ಬರುತ್ತದೆ. ಸ್ನಾಯುಗಳಿಗೆ "ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ" ಎಂದೂ, ಕೊಬ್ಬಿನ ಕೋಶಗಳಿಗೆ "ಮಿಕ್ಕಿದ್ದನ್ನು ಕೂಡಿಡಿ" ಎಂದೂ ಹೇಳುವುದು ಅದರ ಕೆಲಸ. ಉಪವಾಸವಿದ್ದಾಗ ಕೊಬ್ಬಿನ ಕೋಶ ತನ್ನ ದಾಸ್ತಾನನ್ನು ಸ್ವಲ್ಪಸ್ವಲ್ಪವೇ ಬಿಡುಗಡೆ ಮಾಡುತ್ತದೆ.

ಇಷ್ಟೇ ಅಲ್ಲ. ಕೊಬ್ಬಿನ ಅಂಗಾಂಶ ತಾನೇ ಕೆಲವು ರಸಗಳನ್ನು ತಯಾರಿಸಿ ಮೈಗೆಲ್ಲ ಸಂದೇಶ ಕಳಿಸುತ್ತದೆ. 1994ರಲ್ಲಿ ಅಮೆರಿಕದ ರಾಕೆಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಅಂಥ ಒಂದು ರಸವನ್ನು ಕಂಡುಹಿಡಿದರು. "ದಾಸ್ತಾನು ಸಾಕಷ್ಟಿದೆ, ಇನ್ನು ಹಸಿವು ಬೇಡ" ಎಂದು ಮೆದುಳಿಗೆ ತಿಳಿಸುವುದು ಅದರ ಕೆಲಸ. ಅಲ್ಲಿಂದೀಚೆಗೆ ವಿಜ್ಞಾನಿಗಳು ಕೊಬ್ಬನ್ನು ಸುಮ್ಮನೆ ಬಿದ್ದಿರುವ ದಾಸ್ತಾನು ಎನ್ನದೆ ಒಂದು ಅಂಗವೆಂದೇ ಪರಿಗಣಿಸುತ್ತಾರೆ.

ಇದಕ್ಕೆ ಬಲವಾದ ಸಾಕ್ಷಿ ಒಂದಿದೆ. ಬಹು ಅಪರೂಪವಾಗಿ ಕೆಲವು ಮಕ್ಕಳು ಕೊಬ್ಬಿನ ಅಂಗಾಂಶವೇ ಇಲ್ಲದೆ ಹುಟ್ಟುತ್ತವೆ. ಮೈಯಲ್ಲಿ ಚರ್ಮ ಮತ್ತು ಸ್ನಾಯು ಮಾತ್ರ. ಕೊಬ್ಬೇ ಇಲ್ಲದ ಮೇಲೆ ಇವರಿಗೆ ಸಕ್ಕರೆ ಕಾಯಿಲೆ ಬರಬಾರದಲ್ಲವೇ? ಆದರೆ ಇವರಿಗೆ ಎಳೆ ವಯಸ್ಸಿನಲ್ಲೇ ಅತಿ ಕಠಿಣವಾದ ಸಕ್ಕರೆ ಕಾಯಿಲೆ ಬರುತ್ತದೆ, ಪಿತ್ತಜನಕಾಂಗದಲ್ಲಿ ಅಂದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಕೂಡಿಡಬೇಕಾದ ಜಾಗದಲ್ಲಿ ಕೂಡಿಡಲು ಆಗದೆ ಹೋದ ಕೊಬ್ಬು, ಇರಬಾರದ ಜಾಗಕ್ಕೆ ಹೋಗಿ ಸೇರುವುದೇ ಇದಕ್ಕೆ ಕಾರಣ.

ಕಬಿನಿಯ ಉದಾಹರಣೆ

ಇದನ್ನು ನಮ್ಮ ಕಣ್ಣೆದುರಿನ ಒಂದು ಉದಾಹರಣೆಯಿಂದ ಹೇಳುತ್ತೇನೆ. ಪನಮರಂ ಹೊಳೆ ಮತ್ತು ಮಾನಂದವಾಡಿ ಹೊಳೆ ವಯನಾಡಿನಲ್ಲಿ ಕೂಡಿ ಕಬಿನಿಯಾಗುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದಕ್ಕೆ ಅಣೆಕಟ್ಟು ಇದೆ. ಕೃಷ್ಣರಾಜಸಾಗರದಲ್ಲಿ 49 ಟಿ.ಎಂ.ಸಿ.ಗೂ ಹೆಚ್ಚು ನೀರು ನಿಲ್ಲುತ್ತದೆ. ಕಬಿನಿಯಲ್ಲಿ ನಿಲ್ಲುವುದು ಸುಮಾರು 19.5 ಟಿ.ಎಂ.ಸಿ. ಮಾತ್ರ. ವಯನಾಡಿನ ಬೆಟ್ಟಗಳಲ್ಲಿ ಮಳೆ ಹಿಡಿಯಿತೆಂದರೆ ಕಬಿನಿ ಬೇಗ ತುಂಬುತ್ತದೆ. ತುಂಬಿದ ಮೇಲೆ ಬಾಗಿಲು ತೆರೆಯದೆ ವಿಧಿಯಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಹೀಗೆ ಬಿಟ್ಟ ನೀರು ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು, ಮೈಸೂರು ರಸ್ತೆ ಮುಳುಗಿದ್ದನ್ನು ನೀವು ನೋಡಿದ್ದೀರಿ.

ಚರ್ಮದ ಕೆಳಗಿನ ಕೊಬ್ಬು, ಅದರಲ್ಲೂ ತೊಡೆ, ಸೊಂಟದ ಕೆಳಭಾಗದ ಕೊಬ್ಬು, ಮೈಯ ಅಣೆಕಟ್ಟು. ಉಣ್ಣುವ ಅನ್ನ ವಯನಾಡಿನ ಮಳೆ. ದುಡಿಯುವ ಸ್ನಾಯುಗಳು ನೀರನ್ನು ಉಪಯೋಗಕ್ಕೆ ಒಯ್ಯುವ ನಾಲೆಗಳು. ಕಟ್ಟೆ ದೊಡ್ಡದಾಗಿದ್ದರೆ ಬಹಳ ದಿನ ಮಳೆ ತಡೆಯುತ್ತದೆ. ಚಿಕ್ಕದಾಗಿದ್ದರೆ, ನಾಲೆಯೂ ಮುಚ್ಚಿಹೋಗಿದ್ದರೆ, ನೀರು ಊರೊಳಗೆ ನುಗ್ಗುತ್ತದೆ. ಕೊಬ್ಬಿನ ಕೋಶಗಳು ಮಿತಿಮೀರಿ ಹಿಗ್ಗಿದಾಗ ಆಗುವುದು ಇದೇ. ಹಿಗ್ಗಿದ ಕೋಶಕ್ಕೆ ಪ್ರಾಣವಾಯು ಸಾಲದು. ಅಲ್ಲಿ ಬಿಳಿರಕ್ತಕಣಗಳು ಸೇರಿ ಉರಿಯೂತ ಹುಟ್ಟುತ್ತದೆ. ಇನ್ಸುಲಿನ್ನಿನ ಮಾತು ಕೋಶಕ್ಕೆ ಕೇಳಿಸದಾಗುತ್ತದೆ. ಕೂಡಿಟ್ಟ ಕೊಬ್ಬು ಸೋರಿ ರಕ್ತಕ್ಕೆ ಇಳಿದು ಕರುಳಿನ ಸುತ್ತ, ಲಿವರಿನೊಳಗೆ, ಸ್ನಾಯುವಿನೊಳಗೆ, ಮೇದೋಜೀರಕಾಂಗದೊಳಗೆ ಹೋಗಿ ನಿಲ್ಲುತ್ತದೆ. ಕೊಬ್ಬು ತುಂಬಿದ ಲಿವರು ಬೇಡದಿದ್ದರೂ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇದೋಜೀರಕಾಂಗ ಹೆಚ್ಚುಹೆಚ್ಚು ಇನ್ಸುಲಿನ್ ಸುರಿದು ಕೊನೆಗೆ ಸೋಲುತ್ತದೆ. ಇದೇ ಸಕ್ಕರೆ ಕಾಯಿಲೆ.

ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ ಎಂಬ ಮಾತನ್ನು ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾಂ ವಾಗ್ ಅವರು 1947ರಲ್ಲೇ ಹೇಳಿದ್ದರು. ತೊಡೆಯಲ್ಲಿ ಕೊಬ್ಬಿರುವವರಿಗಿಂತ ಹೊಟ್ಟೆಯಲ್ಲಿ ಕೊಬ್ಬಿರುವವರಿಗೆ ಸಕ್ಕರೆ ಕಾಯಿಲೆ ಹೆಚ್ಚೆಂದು ಅವರು ಗುರುತಿಸಿದರು. ಆ ಮಾತಿಗೆ ಪೂರ್ಣ ಬೆಲೆ ಬಂದದ್ದು ಬಹಳ ತಡವಾಗಿ.

ಇಬ್ಬರು ವೈದ್ಯರ ಒಂದು ಭಾವಚಿತ್ರ

ಇನ್ನು ಭಾವನವರ ಪ್ರಶ್ನೆಗೆ ಬರೋಣ. ಪುಣೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಎಂಬ ಸಕ್ಕರೆ ಕಾಯಿಲೆಯ ತಜ್ಞರಿದ್ದಾರೆ. ಅವರಿಗೆ ಇಂಗ್ಲೆಂಡಿನಲ್ಲಿ ಜಾನ್ ಯುಡ್ಕಿನ್ ಎಂಬ ವೈದ್ಯ ಮಿತ್ರರು. ಇಬ್ಬರೂ ತಮ್ಮ ಎತ್ತರ ತೂಕ ಅಳೆದು ಲೆಕ್ಕ ಹಾಕಿದರು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಗೆ ದೇಹತೂಕದ ಸೂಚ್ಯಂಕ ಎನ್ನುತ್ತಾರೆ. ಇಬ್ಬರದೂ ಒಂದೇ, 22.3. ಇಬ್ಬರೂ ನೋಡಲು ತೆಳ್ಳಗೆ. ಆಮೇಲೆ ಕ್ಷ-ಕಿರಣ ಯಂತ್ರದಲ್ಲಿ ಮೈಯ ಕೊಬ್ಬನ್ನು ಅಳೆಸಿದರು. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಪಾಲು. ಯಾಜ್ಞಿಕ್ ಅವರ ಮೈಯಲ್ಲಿ ನೂರಕ್ಕೆ 21.2 ಪಾಲು! 2004ರಲ್ಲಿ ಇಂಗ್ಲೆಂಡಿನ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತ ಭಾವಚಿತ್ರದೊಡನೆ ಈ ಅಂಕಿಗಳು ಅಚ್ಚಾದವು. ಇಬ್ಬರ ಹೆಸರಿನ ಮೊದಲಕ್ಷರ ಹಿಡಿದು ಅದಕ್ಕೆ ವೈ-ವೈ ವಿರೋಧಾಭಾಸ ಎಂದು ಹೆಸರು ಬಂದಿತು.

ತಕ್ಕಡಿ ಸುಳ್ಳು ಹೇಳಲಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳಲಿಲ್ಲ. ಕಾರ್ಖಾನೆಯ ತೂಕದ ಸೇತುವೆಯಲ್ಲಿ ಎರಡು ಗಾಡಿ ಕಬ್ಬು ಸಮ ತೂಗಬಹುದು. ಒಂದರಲ್ಲಿ ಸಕ್ಕರೆ ಅಂಶ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರಬಹುದು. ಒಳಗೇನಿದೆ ಎಂಬುದನ್ನು ರಸ ಪರೀಕ್ಷೆಯೇ ಹೇಳಬೇಕು. ನಮ್ಮ ಜನರ ಮೈಯೂ ಹಾಗೆಯೇ. ಯೂರೋಪಿನವರಷ್ಟೇ ತೂಗಿದರೂ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದೂ ನಡುಭಾಗದಲ್ಲಿ ಹೆಚ್ಚು. ಅವರದು ಕೃಷ್ಣರಾಜಸಾಗರದ ಕಟ್ಟೆ, ನಮ್ಮದು ಕಬಿನಿಯ ಕಟ್ಟೆ ಎಂದು ತಿಳಿಯಿರಿ.

ಇದು ಹುಟ್ಟಿನಿಂದಲೇ ಬಂದದ್ದೇ?

ಕೂತು ತಿಂದು ಬಂದ ಕೊಬ್ಬು ಇದು ಎಂದು ನೀವು ಹೇಳಬಹುದು. ಯಾಜ್ಞಿಕ್ ಅವರೂ ಅದನ್ನೇ ಪರೀಕ್ಷಿಸಲು ಹೊರಟರು. 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಅಧ್ಯಯನ ಆರಂಭವಾಯಿತು. ದುಡಿಯುವ ರೈತ ಹೆಣ್ಣುಮಕ್ಕಳು. ಅವರ ಸರಾಸರಿ ತೂಕ ಸುಮಾರು 42 ಕಿಲೋ. ಅವರಿಗೆ ಹುಟ್ಟಿದ ಶಿಶುಗಳ ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಶಿಶುಗಳು ಸರಾಸರಿ 3.5 ಕಿಲೋ. ನಮ್ಮ ಮಕ್ಕಳ ತೋಳು, ಹೊಟ್ಟೆಯ ಸುತ್ತಳತೆ, ಎಲ್ಲವೂ ಕಡಿಮೆಯೇ. ಆದರೆ ಬೆನ್ನ ಮೇಲೆ, ಹೆಗಲಮೂಳೆಯ ಕೆಳಗೆ ಚರ್ಮವನ್ನು ಚಿವುಟಿ ಹಿಡಿದು ಅಳೆದಾಗ ಸಿಕ್ಕ ಕೊಬ್ಬಿನ ದಪ್ಪ ಮಾತ್ರ ಉಳಿದ ಅಳತೆಗಳಷ್ಟು ಕಡಿಮೆಯಾಗಿರಲಿಲ್ಲ. ಅಂದರೆ ಬಡ ಗರ್ಭದಲ್ಲಿ ಶಿಶು ಸ್ನಾಯುವನ್ನು ಕಳೆದುಕೊಂಡು ಕೊಬ್ಬನ್ನು ಉಳಿಸಿಕೊಂಡಿತ್ತು. 2003ರಲ್ಲಿ ಪ್ರಕಟವಾದ ಈ ಕೆಲಸದಿಂದ "ತೆಳ್ಳಗಿದ್ದೂ ಕೊಬ್ಬಿದ ಭಾರತೀಯ ಶಿಶು" ಎಂಬ ಮಾತು ಲೋಕಕ್ಕೆ ಪರಿಚಯವಾಯಿತು.

ಮಿಷನ್ ಆಸ್ಪತ್ರೆಯ ಹಳೆಯ ಪುಸ್ತಕಗಳು

ಈಗ ಮೈಸೂರಿನ ವಿಷಯ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಬರೆದವರಿಗೆ ಅದರಿಂದ ಮುಂದೆ ಏನು ಉಪಯೋಗವೆಂದು ತಿಳಿದಿರಲು ಸಾಧ್ಯವಿಲ್ಲ. ಕೆಲಸವನ್ನು ಶ್ರದ್ಧೆಯಿಂದ ಮಾಡಿದರು, ಅಷ್ಟೇ. ಆರು ದಶಕದ ಮೇಲೆ ಸೌತಾಂಪ್ಟನ್‌ನ ಡಾ. ಕೆರೋಲಿನ್ ಫಾಲ್ ಮತ್ತು ಅವರ ಸಂಗಡಿಗರು ಆಸ್ಪತ್ರೆಯವರೊಡನೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಆಸುಪಾಸಿನಲ್ಲೇ ಇದ್ದ 500ಕ್ಕೂ ಹೆಚ್ಚು ಗಂಡಸರು ಹೆಂಗಸರನ್ನು ಹುಡುಕಿ, ಹುಟ್ಟಿದಾಗಿನ ದಾಖಲೆಯೊಡನೆ ತಾಳೆ ನೋಡಿ ಪರೀಕ್ಷಿಸಿದರು.

1996ರಲ್ಲಿ ಮೊದಲ ಫಲಿತಾಂಶ ಬಂದಿತು. ಹುಟ್ಟಿದಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. 3.1 ಕಿಲೋ ಮೀರಿದವರಲ್ಲಿ ನೂರಕ್ಕೆ 3 ಮಂದಿಗೆ. 1998ರ ವರದಿಯಲ್ಲಿ ಸಕ್ಕರೆ ಕಾಯಿಲೆಯ ಲೆಕ್ಕವಿತ್ತು. ಪರೀಕ್ಷೆಗೆ ಬಂದವರಲ್ಲಿ ನೂರಕ್ಕೆ 15 ಮಂದಿಗೆ ಅದು ಇತ್ತು. ಇಲ್ಲಿ ಒಂದು ವಿಚಿತ್ರ ಕಂಡಿತು. ಹುಟ್ಟಿದಾಗ ಉದ್ದ ಕಡಿಮೆಯಿದ್ದು ಉದ್ದಕ್ಕೆ ಹೋಲಿಸಿದರೆ ಗುಂಡಗಿದ್ದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಆ ತಾಯಂದಿರಿಗೆ ಗರ್ಭಕಾಲದಲ್ಲಿ ರಕ್ತದ ಸಕ್ಕರೆ ಏರಿದ್ದಿರಬಹುದೇ ಎಂಬ ಅನುಮಾನ ಹುಟ್ಟಿತು.

ಅದನ್ನು ಪರೀಕ್ಷಿಸಲು 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಎಂಬುದು ಪ್ರಾರಂಭವಾಯಿತು. 830 ಗರ್ಭಿಣಿಯರು ಸೇರಿದರು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಸಹೋದ್ಯೋಗಿಗಳು ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಕರೆಸಿ ಅಳೆಯುತ್ತ ಬಂದರು. ಕಂಡದ್ದನ್ನು ಮೂರು ಮಾತಿನಲ್ಲಿ ಹೇಳಬಹುದು. ಒಂದು, ಮೈಸೂರಿನ ಶಿಶುಗಳೂ ಪುಣೆಯ ಶಿಶುಗಳಂತೆಯೇ ತೂಕದಲ್ಲಿ ಕಡಿಮೆ, ಬೆನ್ನಿನ ಕೊಬ್ಬಿನಲ್ಲಿ ಇಂಗ್ಲೆಂಡಿನ ಮಕ್ಕಳಿಗೆ ಸಮ. ನಾಲ್ಕು ವರ್ಷವಾದಾಗ ತೂಕ ಕಡಿಮೆಯೇ ಇದ್ದರೂ ಬೆನ್ನಿನ ಕೊಬ್ಬು ಅವರಿಗಿಂತ ಹೆಚ್ಚು. ಎರಡು, ಗರ್ಭಿಣಿಯರಲ್ಲಿ ನೂರಕ್ಕೆ 6 ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಅಂಥವರ ಮಕ್ಕಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಬಾಲ್ಯದಲ್ಲೇ ಕೊಬ್ಬು ಹೆಚ್ಚಾಗಿ ಕಂಡಿತು. ಮೂರು, ನೂರಕ್ಕೆ 43 ತಾಯಂದಿರಲ್ಲಿ ಬಿ-12 ಎಂಬ ಜೀವಸತ್ವದ ಕೊರತೆ ಇತ್ತು. ಕೊರತೆಯಿದ್ದವರಲ್ಲಿ ಗರ್ಭಕಾಲದ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಈ ಜೀವಸತ್ವ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಇದೆ. ಸೊಪ್ಪು ಕಾಳುಗಳಲ್ಲಿ ಇಲ್ಲ.

ಬಿತ್ತನೆ ತಾಕಿನ ಬಗ್ಗೆ ನಾನು ಪ್ರತಿ ವರ್ಷ ನಿಮಗೆ ಹೇಳುವ ಮಾತೊಂದಿದೆ: ಸೊರಗಿದ ತಾಕಿನಿಂದ ತಂದ ತುಂಡನ್ನು ಎಂಥ ಫಲವತ್ತಾದ ಭೂಮಿಯಲ್ಲಿ ನೆಟ್ಟರೂ ಅದು ಆರಂಭದಲ್ಲೇ ಹಿಂದೆ ಬೀಳುತ್ತದೆ. ಮೊಳಕೆ ತನ್ನ ಬೇರು ಬಿಡುವವರೆಗೆ ತುಂಡಿನಲ್ಲಿದ್ದುದನ್ನೇ ಉಂಡು ಬದುಕಬೇಕು. ಬಿತ್ತನೆ ಕಬ್ಬಿಗೆ ಗೊಬ್ಬರ ನೀರು ತಪ್ಪದಂತೆ ನೋಡುವ ನಾವು, ಮನೆಯ ಬಸುರಿ ಹೆಣ್ಣುಮಗಳು ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವುದನ್ನು ನೋಡಿ ಸುಮ್ಮನಿರುತ್ತೇವೆ. ಇದು ಸರಿಯಲ್ಲವೆಂದು ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ.

ಸಕ್ಕರೆಯದೇ ತಪ್ಪೇ?

ಸಕ್ಕರೆ ಕಾರ್ಖಾನೆಯ ಪತ್ರಿಕೆಯಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಂಡರೆ ನೀವು ನಗುತ್ತೀರಿ. ಸಕ್ಕರೆ ತಿಂದ ಮಾತ್ರಕ್ಕೆ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ನಿಜವಲ್ಲ. ಕಟ್ಟೆ ತುಂಬಿ ಹರಿಯುವುದು ಒಟ್ಟು ಬಂದ ನೀರಿನಿಂದ. ಅದು ಅನ್ನವಿರಬಹುದು, ಎಣ್ಣೆಯಿರಬಹುದು, ಸಕ್ಕರೆಯಿರಬಹುದು. ಹಾಗೆಂದು ಸಕ್ಕರೆಗೆ ಪಾಲಿಲ್ಲವೆನ್ನುವುದೂ ನಿಜವಲ್ಲ. ನಮ್ಮ ಸಕ್ಕರೆ ಹೊಟ್ಟೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಫ್ರಕ್ಟೋಸ್‌ನ ಹೆಚ್ಚು ಪಾಲು ನೇರವಾಗಿ ಲಿವರಿಗೆ ಹೋಗುತ್ತದೆ. ಮಿತಿ ಮೀರಿದಾಗ ಲಿವರು ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಬೆಲ್ಲಕ್ಕೂ ಇದೇ ನಿಯಮ, ಅದಕ್ಕೆ ವಿನಾಯಿತಿ ಇಲ್ಲ.

ದಿನದ ಆಹಾರ ಶಕ್ತಿಯಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಸಕ್ಕರೆಯಿಂದ ಬರಬಾರದು, ಇನ್ನೂ ಅರ್ಧಕ್ಕೆ ಇಳಿಸಿದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2,000 ಕ್ಯಾಲೊರಿ ಉಣ್ಣುವವನಿಗೆ ಇದು 50 ಗ್ರಾಂ. ಕಟಾವು ಪರ್ಮಿಟ್ಟಿಗೆಂದು ಕಾರ್ಖಾನೆಗೆ ಬಂದ ದಿನ ಆರು ಸಲ ಕಾಫಿ ಕುಡಿದು, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಸಿಕೊಂಡರೆ ಹತ್ತಿರ ಹತ್ತಿರ 50 ಗ್ರಾಂ ಅಲ್ಲಿಗೇ ಮುಗಿಯಿತು. ಹೀಗೆ ಬರೆದರೆ ಕಾರ್ಖಾನೆಗೆ ನಷ್ಟವಲ್ಲವೇ ಎಂದು ಯಾರಾದರೂ ಕೇಳಬಹುದು. ಕಾಲು ಕಳೆದುಕೊಂಡ ಸದಸ್ಯನಿಂದ ಕಾರ್ಖಾನೆಗೆ ಏನು ಲಾಭ?

ಇನ್ನೊಂದು ಮಾತು. ನಮ್ಮ ತಂದೆ ತಾತಂದಿರ ಮೈಯ ಕಟ್ಟೆಯೂ ಚಿಕ್ಕದೇ ಇತ್ತು. ಆದರೆ ನಾಲೆಗಳು ಹರಿಯುತ್ತಿದ್ದವು. ಉಳುವುದು, ಗೊಬ್ಬರ ಹೊರುವುದು, ಕಬ್ಬು ಕಡಿಯುವುದು ಎಲ್ಲ ಸ್ವಂತ ಮೈಯಲ್ಲಿ. ಈಗ ಉಳುವುದು ಟ್ರ್ಯಾಕ್ಟರು, ಕಡಿಯುವುದು ಹೊರಗಿನಿಂದ ಬಂದ ಕಟಾವು ತಂಡ, ನಾವು ಜಮೀನಿಗೆ ಹೋಗುವುದು ಮೋಟಾರು ಸೈಕಲ್ಲಿನಲ್ಲಿ. ಊಟ ಮಾತ್ರ ದುಡಿಯುವವರ ಊಟ. ರಕ್ತದ ಸಕ್ಕರೆಯನ್ನು ಅತಿ ಹೆಚ್ಚು ಉಪಯೋಗಿಸುವ ಅಂಗ ಸ್ನಾಯು. ಅದು ಸುಮ್ಮನೆ ಕೂತರೆ ನಾಲೆಯಲ್ಲಿ ಹೂಳು ತುಂಬಿದಂತೆ.

ಕೆಟ್ಟ ಸುದ್ದಿಯಲ್ಲಿ ಒಂದು ಒಳ್ಳೆಯ ಸುದ್ದಿ

ತುಂಬಿ ಹರಿದದ್ದನ್ನು ಇಳಿಸಲು ಸಾಧ್ಯವೇ? ಇಂಗ್ಲೆಂಡಿನ ನ್ಯೂಕಾಸಲ್‌ನ ಪ್ರೊಫೆಸರ್ ರಾಯ್ ಟೇಲರ್ ಅವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಪ್ರತಿ ಮನುಷ್ಯನಿಗೂ ಅವನದೇ ಆದ ಒಂದು ಕೊಬ್ಬಿನ ಮಿತಿ ಇದೆ, ಅದನ್ನು ಮೀರಿದಾಗ ಕಾಯಿಲೆ ಬರುತ್ತದೆ, ಮಿತಿಯ ಕೆಳಗೆ ಇಳಿದರೆ ಹಿಂದಕ್ಕೆ ಸರಿಯಬಹುದು ಎಂಬುದು ಅವರ ವಾದ. ದಪ್ಪ ಮೈಯವರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಿತು. ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ತಿಂಗಳು ಆಹಾರ ಬಹಳ ಇಳಿಸಿ ತೂಕ ಕಡಿಮೆ ಮಾಡಿಕೊಂಡ ಗುಂಪಿನಲ್ಲಿ ನೂರಕ್ಕೆ 46 ಮಂದಿಗೆ ಒಂದು ವರ್ಷದ ಕೊನೆಯಲ್ಲಿ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿತ್ತು. 2023ರಲ್ಲಿ, ದಪ್ಪವಲ್ಲದ 20 ರೋಗಿಗಳ ಮೇಲೆ ಇದನ್ನೇ ನೋಡಿದರು. ಕೆಲವೇ ಕಿಲೋ ತೂಕ ಇಳಿಸಿದ ಅವರಲ್ಲಿ 14 ಮಂದಿಗೆ ಕಾಯಿಲೆ ಹಿಂದೆ ಸರಿಯಿತು. ಇದು ಚಿಕ್ಕ ಪ್ರಯೋಗ. ಕಾಯಿಲೆ ಬಂದು ಬಹಳ ವರ್ಷವಾದವರಿಗೆ ಈ ಫಲ ಸಿಗುವುದು ಕಷ್ಟ. ಆದುದರಿಂದ ಬೇಗ ಪತ್ತೆಯಾಗುವುದು ಮುಖ್ಯ. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಿ. ದರ್ಜಿಯ ಟೇಪು ಸಾಕು. ಉಸಿರು ಬಿಟ್ಟು, ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ನಡುವೆ ಅಳೆಯಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ನಮ್ಮ ಜನಕ್ಕೆ ಗೊತ್ತುಪಡಿಸಿದ ಮಿತಿ.

2. ನಮ್ಮವರಿಗೆ ದೇಹತೂಕದ ಸೂಚ್ಯಂಕ 23 ಮುಟ್ಟಿದರೆ ತೂಕ ಹೆಚ್ಚೆಂದು ಲೆಕ್ಕ. 5 ಅಡಿ 5 ಅಂಗುಲದವರಿಗೆ ಇದು ಸುಮಾರು 63 ಕಿಲೋ. ಆದರೆ ಇದರ ಒಳಗಿದ್ದೇನೆಂದು ನಿಶ್ಚಿಂತೆ ಬೇಡ. ಟೇಪನ್ನೂ ನೋಡಿ.

3. 30 ವರ್ಷ ದಾಟಿದವರು, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇರುವವರು, ಸಣ್ಣಗಿದ್ದರೂ ಸರಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಬರಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 100ರಿಂದ 125 ಎಚ್ಚರಿಕೆ. 126 ಮತ್ತು ಮೇಲೆ ಬಂದರೆ ವೈದ್ಯರನ್ನು ಕಾಣುವುದು ಅವಶ್ಯ.

4. ಪ್ರತಿ ಗರ್ಭಿಣಿಗೂ ಸಕ್ಕರೆ ಪರೀಕ್ಷೆ ಆಗಬೇಕೆಂಬುದು ಸರ್ಕಾರದ ನಿಯಮ. ಮೊದಲ ಭೇಟಿಯಲ್ಲಿ ಒಮ್ಮೆ, ಅದು ಸರಿಯಿದ್ದರೆ 24ರಿಂದ 28 ವಾರದ ನಡುವೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ನೋಡುತ್ತಾರೆ. 140 ಅಥವಾ ಮೇಲಿದ್ದರೆ ಚಿಕಿತ್ಸೆ ಬೇಕು. ಆರೋಗ್ಯ ಕೇಂದ್ರದಲ್ಲಿ ಮರೆತರೆ ನೀವು ಕೇಳಿ.

5. ಬಸುರಿಗೆ ಹಾಲು, ಮೊಸರು, ಕಾಳು, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮೀನು ತಪ್ಪದಿರಲಿ. ಹೊಟ್ಟೆ ತುಂಬ ಬರೀ ಅನ್ನ ಸಾಲದು.

6. ದಿನಕ್ಕೆ ಅರ್ಧ ಗಂಟೆಯಾದರೂ ಉಸಿರು ಸ್ವಲ್ಪ ಏರುವಂತೆ ನಡೆಯಿರಿ. ವಾರಕ್ಕೆ ಎರಡು ಮೂರು ದಿನವಾದರೂ ಭಾರ ಎತ್ತುವ ಕೆಲಸ ಇರಲಿ. ಗುದ್ದಲಿ ಹಿಡಿಯಲು ನಾಚಿಕೆ ಬೇಡ.

7. ತಟ್ಟೆಯಲ್ಲಿ ಅನ್ನದ ರಾಶಿ ತಗ್ಗಿಸಿ, ಕಾಳು ತರಕಾರಿ ಏರಿಸಿ. ಮುದ್ದೆಗೂ ಲೆಕ್ಕವಿರಲಿ.

8. ಕಾಯಿಲೆ ಇರುವವರು ತರಗು ಹರಡಿದ ಗದ್ದೆಗೆ, ಕೂಳೆ ಕಬ್ಬಿನೊಳಗೆ ಬರಿಗಾಲಲ್ಲಿ ಇಳಿಯಲೇಬಾರದು. ಕೂಳೆಯ ಮೊನೆ ಮುಳ್ಳಿಗಿಂತ ಹರಿತ. ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಎರಡೂ ಪಾದ, ಬೆರಳ ಸಂದಿ ನೋಡಿಕೊಳ್ಳಿ. ಗಾಯ ನೋಯದಿದ್ದರೆ ಅದು ಸಣ್ಣ ಗಾಯವೆಂದು ತಿಳಿಯಬೇಡಿ. ನೋವು ತಿಳಿಯದಿರುವುದೇ ಅಪಾಯದ ಗುರುತು.

ಹೋದ ತಿಂಗಳು ಮತ್ತೆ ಮಾನಂದವಾಡಿಗೆ ಹೋಗಿದ್ದೆ. ಟೇಪು ಒಯ್ದಿದ್ದೆ. ಭಾವನವರ ಹೊಟ್ಟೆ ಅಳೆದರೆ 92 ಸೆಂಟಿಮೀಟರ್. "ನೋಡಿ ಭಾವ, ನಿಮ್ಮ ಕೊಬ್ಬು ಇಲ್ಲಿದೆ" ಎಂದೆ. ಅವರು ಟೇಪು ಕಿತ್ತುಕೊಂಡು ನನ್ನ ಹೊಟ್ಟೆಗೆ ಹಿಡಿದರು. 94! ಅಕ್ಕ ನಕ್ಕಳು. ನಾನು ಮಾರನೆಯ ದಿನವೇ ರಕ್ತ ಪರೀಕ್ಷೆ ಮಾಡಿಸಿದೆ. ಬರಿ ಹೊಟ್ಟೆಯಲ್ಲಿ 112 ಬಂದಿದೆ. ಅಂದರೆ ನಾನೂ ಹೊಸ್ತಿಲಲ್ಲೇ ಇದ್ದೇನೆ. ಈಗ ಬೆಳಗಿನ ತಾಕು ವೀಕ್ಷಣೆಗೆ ಮೋಟಾರು ಸೈಕಲ್ಲನ್ನು ರಸ್ತೆಯಲ್ಲೇ ನಿಲ್ಲಿಸಿ ನಾಲೆ ಏರಿಯ ಮೇಲೆ ನಡೆದು ಹೋಗುತ್ತಿದ್ದೇನೆ.

ಅಕ್ಕನ ಮಗಳು ಐದು ತಿಂಗಳ ಬಸುರಿ. ತವರಿಗೆ ಬಂದಿದ್ದಳು. ಮೊದಲ ಸಕ್ಕರೆ ಪರೀಕ್ಷೆ ಆಗಿದೆ, ಸರಿಯಿದೆ. ಎರಡನೆಯದಕ್ಕೆ ದಿನ ಗೊತ್ತಾಗಿದೆ. ಆ ದಿನ ತಾವೇ ಜೊತೆಗೆ ಹೋಗುವುದಾಗಿ ಭಾವನವರು ಹೇಳಿದರು. ಊರುಗೋಲು ಹಿಡಿದು ನಡೆಯಬೇಕು, ಬಸ್ಸು ಹತ್ತುವುದು ಕಷ್ಟ. ಆದರೂ ಹೋಗುತ್ತೇನೆ ಎನ್ನುತ್ತಾರೆ. ನಿಮ್ಮ ಮನೆಯಲ್ಲಿಯೂ ಯಾರಾದರೂ ಹೀಗೆ ಜೊತೆಗೆ ಹೋಗಬೇಕಾದವರು ಇದ್ದರೆ, ಕಟಾವಿನ ಗಡಿಬಿಡಿಯಲ್ಲಿ ಆ ದಿನವನ್ನು ತಪ್ಪಿಸಬೇಡಿ ಎಂದು ವಿನಂತಿ.

— ಕಬ್ಬು ಅಭಿವೃದ್ಧಿ ಅಧಿಕಾರಿ